ಹುಷಾರಿಲ್ಲದ ವಾರ

ಶನಿವಾರ ಸಂಜೆ ಟ್ರೈಫೀನಾ ಒಂದು ಪಾತ್ರೆ ಬಟಾಣಿ ಸೂಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾರಗಿತ್ತಿ ಡಲ್ಸಿಯ ಮನೆಯ ಏರು ಹತ್ತಿದಳು. ಉಪ್ಪುಮಾಂಸ ಹಾಕಿ ಕುದಿಸಿದ ಒಳ್ಳೆಯ ಸೂಪು. ಸಮುದ್ರಕ್ಕೆ ಸುರಿದು ಹಿಂದಕ್ಕೆ ಹೋಗಿಬಿಡೋಣವೇ ಎಂದು ದಾರಿಯಲ್ಲಿ ಅನ್ನಿಸದೆ ಇರಲಿಲ್ಲ.

ನ್ಯೂಫೌಂಡ್‌ಲ್ಯಾಂಡಿನ ಆ ಕೊಲ್ಲಿಯಲ್ಲಿ ಇದ್ದ ಕೆಲಸ ಒಂದೇ, ಏಡಿ ಕಾರ್ಖಾನೆಯದು. ಅದೂ ಬೇಸಿಗೆಗಷ್ಟೇ. ಚಳಿಗಾಲ ಪೂರ್ತಿ ಸರ್ಕಾರದ ನಿರುದ್ಯೋಗ ಭತ್ಯೆಯೇ ಗತಿ. ಹೋದ ವರ್ಷ ಸಿಕ್ಕಿತೆಂದು ಈ ವರ್ಷ ತಾನಾಗಿ ಸಿಗುವುದಿಲ್ಲ. ಇಷ್ಟು ವಾರ ಎಂದು ಮತ್ತೆ ದುಡಿದು ತೋರಿಸಬೇಕು. ಟ್ರೈಫೀನಾ ಕಾರ್ಖಾನೆ ಸೇರಿ ಎರಡನೆಯ ವರ್ಷ. ಮೊದಲನೆಯದು ಹೇಗೋ ದಾಟಿತ್ತು. ಈ ಸಲ ಏಡಿ ಕಡಿಮೆ ಬಿದ್ದು, ಅವಳಿಗೆ ಒಂದೇ ಒಂದು ವಾರ ಸಾಲದೆ ಹೋಯಿತು. ಕೊನೆಯ ದೋಣಿಗಳು ಬಂದಾಗ ಮೇಸ್ತ್ರಿ ಹಳಬರನ್ನೇ ಕರೆದ. ಹಳಬರೆಂದರೆ ಡಲ್ಸಿಯಂಥವರು. ಅವಳ ವಾರಗಳು ಎಂದೋ ತುಂಬಿದ್ದವು.

ಇಂಥ ಹೊತ್ತಿಗೆಂದೇ ಊರಲ್ಲಿ ಒಂದು ರೂಢಿಯಿತ್ತು. ವಾರ ತುಂಬಿದವರು ಹುಷಾರಿಲ್ಲವೆಂದು ಮಲಗಿಬಿಡುವರು, ಆ ಜಾಗ ತುಂಬದವರಿಗೆ ಸಿಗುವುದು. ಮಲಗಿದವರ ಮನೆಗೆ ಯಾರೂ ಹೋಗಿ ವಿಚಾರಿಸಬಾರದು. ಜಾಗ ಸಿಕ್ಕವರು ಮಾತ್ರ ವಾರ ಮುಗಿದ ಮೇಲೆ, ನಿಜವಾದ ರೋಗಿಗೆ ಕೊಟ್ಟಂತೆ ಒಂದು ಪಾತ್ರೆ ಸೂಪು ಕೊಟ್ಟು ಬರಬೇಕು. ಸೋಮವಾರ ಬೆಳಿಗ್ಗೆ ಡಲ್ಸಿ ಹುಷಾರಿಲ್ಲವೆಂದು ಫೋನು ಮಾಡಿದಳು. ಟ್ರೈಫೀನಾಗೆ ಕರೆ ಬಂತು. ವಾರ ತುಂಬಿತು.

ತುಂಬಿದ್ದೇ ಉರಿಯಾಯಿತು. ಡಲ್ಸಿಯ ಗಂಡ ದೂರದ ಎಣ್ಣೆಬಾವಿಯಲ್ಲಿ ದುಡಿದು ಕಳಿಸುತ್ತಾನೆ, ಟ್ರೈಫೀನಾಳ ಗಂಡ ಹೆಡ್ಲಿ ಜೆಟ್ಟಿಯ ಮೇಲೆ ಕೂತು ಹರಟುತ್ತಾನೆ. ಸಮುದ್ರಕ್ಕೆ ಮುಖ ಮಾಡಿದ ಹೊಸ ಕಿಟಕಿ ಡಲ್ಸಿಯದು. ಹಿಟ್ಟು ಕೂಡ ಅವಳ ಕೈಯಲ್ಲೇ ಚೆನ್ನಾಗಿ ಉಬ್ಬುತ್ತದೆ. ಇಷ್ಟು ವರ್ಷ ಹೊಟ್ಟೆಕಿಚ್ಚು ಪಡುವುದಕ್ಕಾದರೂ ಯಾರ ಹಂಗೂ ಇರಲಿಲ್ಲ. ಈಗ ಆ ಸುಖವೂ ಇಲ್ಲದಂತೆ ಉಪಕಾರ ಮಾಡಿಬಿಟ್ಟಿದ್ದಳು.

ಟ್ರೈಫೀನಾ ಬಾಗಿಲು ತಟ್ಟದೆ ಒಳಗೆ ಹೋದಳು. ಒಲೆ ತಣ್ಣಗಿತ್ತು. ತೊಳೆಯದ ಲೋಟಗಳು ಮೇಜಿನ ಮೇಲಿದ್ದವು. ಡಲ್ಸಿ ಕೋಣೆಯಲ್ಲಿ ಕುತ್ತಿಗೆಯವರೆಗೆ ಹೊದ್ದು ಮಲಗಿದ್ದಳು.

"ನಾಟಕ ಮುಗೀತಕ್ಕಾ, ಏಳು. ಸೂಪು ತಂದಿದೀನಿ."

"ನಾಟಕ ಅಲ್ಲ ಕಣೇ ಫೀನಾ. ನಿಜವಾಗ್ಲೂ ಹುಷಾರಿಲ್ಲ."

"ಆಹಾ, ಎಷ್ಟ್ ಚೆನ್ನಾಗಿ ನರಳ್ತೀಯ! ಮೇಸ್ತ್ರಿಗೂ ಹೀಗೇ ನರಳಿ ತೋರಿಸಿದ್ಯಾ?"

"ನಿನ್ನ ಗಂಡನಿಗೂ ಕಿಟಕಿಯಿಂದ ಕೂಗಿ ಹೇಳ್ದೆ, ಜ್ವರ ಕಣೋ, ನಾಲ್ಕು ಸೌದೆ ತಂದು ಹಾಕೋ ಅಂತ. ನಗ್ತಾ, 'ಚೆನ್ನಾಗಿ ಮಲ್ಕೊ ಅತ್ತಿಗೆ' ಅಂದು ಹೊರಟೇ ಹೋದ."

ಟ್ರೈಫೀನಾ ಹಣೆ ಮುಟ್ಟಿ ನೋಡಿದಳು. ಕಾವಲಿಯ ಹಾಗೆ ಸುಡುತ್ತಿತ್ತು. ತುಟಿ ಒಣಗಿ ಒಡೆದಿತ್ತು.

"ಯಾವಾಗಿಂದ?"

"ಭಾನುವಾರ ರಾತ್ರಿಯಿಂದ. ಏಳೋಕೇ ಆಗ್ಲಿಲ್ಲ."

ಟ್ರೈಫೀನಾಳ ಎದೆ ಹಗುರಾಯಿತು. ಹಾಗಾದರೆ ಇವಳು ಬಿಟ್ಟುಕೊಟ್ಟದ್ದಲ್ಲ! ಜ್ವರ ಬಂತು, ಮಲಗಿದಳು, ಅಷ್ಟೇ. ಯಾರ ಉಪಕಾರವೂ ಇಲ್ಲ, ಯಾರ ಹಂಗೂ ಇಲ್ಲ.

"ಅಯ್ಯೋ ನನ್ನವ್ವಾ, ಒಬ್ಬಳೇ ಹೇಗಿದ್ಯೇ!" ಎಂದವಳೇ ಓಡಿ ಸೌದೆ ತಂದು ಒಲೆ ಹಚ್ಚಿದಳು. ನರ್ಸಿಗೆ ಫೋನು ಮಾಡಿ ಬರಹೇಳಿದಳು. ಲೋಟಗಳನ್ನು ತೊಳೆದಿಟ್ಟಳು. ಬಿಸಿನೀರಿನಲ್ಲಿ ಡಲ್ಸಿಯ ಮುಖ ಒರೆಸಿ, ಸಿಕ್ಕುಗಟ್ಟಿದ ತಲೆಯನ್ನು ನೋಯದಂತೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದಳು. ಸೂಪನ್ನು ಊದಿ ಊದಿ ಕುಡಿಸತೊಡಗಿದಳು. ಒಡಹುಟ್ಟಿದವಳಿಗೂ ಅವಳು ಅಷ್ಟು ಅಕ್ಕರೆಯಿಂದ ಉಣಿಸಿರಲಿಲ್ಲ. ತನಗೇ ತಿಳಿಯದಂತೆ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದಳು.

ಡಲ್ಸಿ ಜ್ವರದ ಕಣ್ಣುಗಳಿಂದ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲನೆ ಕೇಳಿದಳು:

"ನಾನು ಎದ್ದು ಓಡಾಡೋ ಹಾಗಾದ್ಮೇಲೂ ಹೀಗೇ ಬರ್ತೀಯೇನೇ, ಫೀನಾ?"