ಹವ್ಯಾಸಿಯ ಕಾಲು

ಮಧ್ಯಾಹ್ನದ ಕಹಳೆ ಕೂಗಿ ಕಲ್ಲುಗಣಿಯ ಸದ್ದು ನಿಂತಿತ್ತು. ಬುತ್ತಿ ಬಿಚ್ಚಿ ಕೂತಿದ್ದ ಇಪ್ಪತ್ತು ಜನರ ನಡುವೆ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದ ಹಾರ್ಗ್ರೀವ್, ಚರ್ಮದ ಚೀಲದಿಂದ ಒಂದು ಭಿತ್ತಿಪತ್ರ ತೆಗೆದು ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದ.

"ಇದನ್ನ ಅಚ್ಚು ಹಾಕ್ಸಿದ್ದು ಯಾರು?"

"ನಾವೇ," ಎಂದರು ಎಲಿಸ್. ಗಣಿಯವರು ಉಣ್ಣುವ, ವಾದ ಮಾಡುವ, ಹಾಡುವ ಆ ಕಲ್ಲಿನ ಕೊಠಡಿಗೆ ಅವರು ಅಧ್ಯಕ್ಷರು; ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. "ಆದ್ರೆ ಇಲ್ಲಿ ಒಂದು ಪದ್ಧತಿ ಇದೆ ಸ್ವಾಮಿ. ಹೊಸಬರು ಮೊದಲು ಒಂದು ಪದ್ಯ ಹೇಳ್ಬೇಕು. ಹಾಡಾದ್ರೂ ಸರಿ. ಆಮೇಲೆ ಮಾತು."

"ನಾನು ಫುಟ್‌ಬಾಲ್ ಮಂಡಳಿಯಿಂದ ಬಂದಿದ್ದೀನಿ."

"ಪಾಪ, ಅಲ್ಲಿ ಪದ್ಯ ಕಲಿಸಲ್ವೇನೋ," ಎಂದ ಟ್ವಮ್ ಚಹಾ ಸುರಿದುಕೊಳ್ಳುತ್ತ. ಕೊಠಡಿ ನಕ್ಕಿತು. ಹಾರ್ಗ್ರೀವ್ ನಗಲಿಲ್ಲ. ಭಿತ್ತಿಪತ್ರದ ಕೆಂಪು ಅಕ್ಷರಗಳನ್ನು ಗಟ್ಟಿಯಾಗಿ ಓದಿದ: "ವೇಲ್ಸ್ ನಾಡಿಗಾಗಿ ಆಡುತ್ತ ಕಾಲು ಮುರಿದುಕೊಂಡ ನಮ್ಮ ಇದ್ವಲ್‌ನ ನೆರವಿಗೆ, ಪ್ರಾರ್ಥನಾ ಮಂದಿರದಲ್ಲಿ ಗಾಯನ."

ಗೋಡೆಗೆ ಊರುಗೋಲು ಒರಗಿಸಿ ಮೂಲೆಯಲ್ಲಿ ಕೂತಿದ್ದ ಇದ್ವಲ್ ರೊಟ್ಟಿ ಕೆಳಗಿಟ್ಟ. ದೇಶಕ್ಕೆ ಐದು ಸಲ ಆಡಿದವನು. ತೊಡೆಗೆ ಸರಪಳಿ ಸುತ್ತಿಕೊಂಡು ಬಂಡೆಯ ಮೈಯಲ್ಲಿ ನೇತಾಡುತ್ತ ಕಲ್ಲು ಬಿಡಿಸುವುದು ಅವನ ಕಸುಬು. ಮುರಿದ ಕಾಲಿಗೆ ಸರಪಳಿ ಸುತ್ತಲಾಗದು. ಈ ವಾರವಷ್ಟೇ, ಕೂತು ಚಪ್ಪಡಿ ಸೀಳುವ ಕೆಲಸಕ್ಕೆ ಮರಳಿದ್ದ. ಗಣಿಯಲ್ಲಿ ಯಾರಿಗೆ ಪೆಟ್ಟಾದರೂ ಊರು ಮಂದಿರದಲ್ಲಿ ಸೇರಿ ಹಾಡುತ್ತದೆ, ದುಡ್ಡು ಹಾಕಲು ಬಾಗಿಲಲ್ಲಿ ಒಂದು ತಟ್ಟೆ ಇಡುತ್ತದೆ. ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಇದ್ವಲ್‌ನ ಕಾಲು ಬೇರೆ ಥರದ್ದು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯದಿದ್ದದ್ದಷ್ಟೇ ಅಲ್ಲ, ಹೆಮ್ಮೆಯಿಂದ ಅದನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

"ಆಟದ ದೆಸೆಯಿಂದ ಹಣ ತಗೊಂಡವನು ಹವ್ಯಾಸಿ ಅಲ್ಲ," ಎಂದ ಹಾರ್ಗ್ರೀವ್. "ನಮ್ಮ ಆಟ ಹವ್ಯಾಸಿಗಳಿಗೆ ಮಾತ್ರ. ನಿಯಮ ಸ್ಪಷ್ಟವಾಗಿದೆ."

"ಅವನೆಲ್ಲಿ ತಗೊಂಡ? ಅವರಮ್ಮನ ಒಲೆ ತಗೊಂಡಿತು," ಎಂದರು ಎಲಿಸ್.

"ಪಂದ್ಯ ಮುಗಿದ ಮೇಲೆ ಮಂಡಳಿಯವರೆಲ್ಲ ಹೋಟೆಲಲ್ಲಿ ಹುರಿದ ಬಾತುಕೋಳಿ ತಿಂದ್ರಂತಲ್ಲ," ಟ್ವಮ್ ಬಟ್ಟಲು ಕುಕ್ಕಿದ. "ಅದು ಯಾರ ದೆಸೆಯಿಂದ?"

ಹಾರ್ಗ್ರೀವ್ ಭಿತ್ತಿಪತ್ರ ಮಡಚಿದ. ಚೀಲದಿಂದ ಇನ್ನೊಂದು ಕಾಗದ ತೆಗೆದ. ಅವನ ದನಿ ಮೆತ್ತಗಾಯಿತು. "ನೋಡು ಇದ್ವಲ್, ನಿನಗೆ ಕೆಟ್ಟದಾಗಲಿ ಅಂತ ಬಂದವನಲ್ಲ. ಕಾಲು ಗಣಿಯಲ್ಲಿ ಮುರೀತು ಅಂತ ಇದರಲ್ಲಿ ಬರೆದಿದೆ. ಒಂದು ಸಹಿ ಹಾಕು. ಗಣಿಯ ಕೆಲಸಗಾರನಿಗೆ ಊರವರು ನೆರವಾದ್ರು, ಅಷ್ಟೇ. ನಿಯಮಕ್ಕೆ ಏನೂ ತೊಂದರೆಯಿಲ್ಲ. ಚಳಿಗಾಲಕ್ಕೆ ಕಾಲು ಸರಿಹೋದರೆ ಮತ್ತೆ ವೇಲ್ಸಿಗೆ ಆಡು. ಸಹಿ ಇಲ್ಲ ಅಂದ್ರೆ ಇವತ್ತಿನಿಂದ ನೀನು ವೃತ್ತಿಪರ. ನಿಮ್ಮೂರ ತಂಡಕ್ಕೂ ಆಡೋ ಹಾಗಿಲ್ಲ."

"ವೃತ್ತಿಪರ!" ಟ್ವಮ್ ಎದ್ದು ನಿಂತ. "ಈ ಕಾಲಿಗೆ ಸಂಬಳ ಕೊಡೋ ಕ್ಲಬ್ ಯಾವುದು ಸ್ವಾಮಿ? ಅದರ ಹೆಸರೂ ಹೇಳಿ ಹೋಗಿ!" ಆಮೇಲೆ, ತನ್ನ ಕೂಗಿಗೆ ತಾನೇ ನಾಚಿದವನಂತೆ ಇದ್ವಲ್‌ನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ. "ಹಾಕಿಬಿಡೋ ಮಾರಾಯ. ಇವರ ಸುಳ್ಳು, ಇವರ ಕಾಗದ. ನಿಂಗೇನು ಹೋಗುತ್ತೆ? ನೀನು ಇನ್ನೂ ಆಡ್ಬೇಕು ಕಣೋ."

ಇದ್ವಲ್‌ಗೆ ಆಡಬೇಕಿತ್ತು. ನಾಲ್ಕು ತಿಂಗಳು ಹಾಸಿಗೆಯಲ್ಲಿ ಮಲಗಿ ಅವನು ದೇವರಲ್ಲಿ ಕೇಳಿಕೊಂಡದ್ದು ಅದೊಂದನ್ನೇ. "ಎಲಿಸ್ ಮಾವ, ಏನ್ಮಾಡ್ಲಿ?"

ಎಳೆಯ ಇದ್ವಲ್‌ನನ್ನು ಭಾನುವಾರ ಭಾನುವಾರ ಮಂದಿರದ ಮುಂದಿನ ಸಾಲಿನಲ್ಲಿ ನಿಲ್ಲಿಸಿ ಬೈಬಲಿನ ವಚನ ಒಪ್ಪಿಸಿಕೊಂಡವರು ಎಲಿಸ್. ಈಗ ಅವರು ತಮ್ಮ ಬಟ್ಟಲೊಳಗೇ ನೋಡುತ್ತಿದ್ದರು. "ನಾನು ಹೇಳಲ್ಲಪ್ಪ. ಹೇಳ್ಕೊಡೋದೆಲ್ಲ ಆಗಲೇ ಹೇಳ್ಕೊಟ್ಟಾಗಿದೆ. ಕಾಲು ನಿಂದು."

ಇದ್ವಲ್ ಕಣ್ಣು ಮುಚ್ಚಿದ. ಮೈದಾನದ ಎಡ ಅಂಚು, ಕೆಸರು, ತನ್ನತ್ತ ಉರುಳಿ ಬಂದ ಚೆಂಡು. ಆರು ಸಾವಿರ ಜನ ಒಮ್ಮೆಲೇ ಸುಮ್ಮನಾದದ್ದು, ಏಕೆಂದರೆ ಮೂಳೆ ಮುರಿದ ಸದ್ದು ಅಷ್ಟು ಜನಕ್ಕೂ ಕೇಳಿಸಿತ್ತು. ಒಂದು ಮರದ ಗೇಟು ಕಿತ್ತು ತಂದು, ಅದರ ಮೇಲೆ ಮಲಗಿಸಿ ಹೊತ್ತೊಯ್ದವರು ಊರಿಂದ ಆಟ ನೋಡಲು ಬಂದಿದ್ದ ಇದೇ ಟ್ವಮ್ ಮತ್ತು ಮೂವರು. ಮಂಡಳಿಯವರ ಸಾಲಿನ ಮುಂದೆ ಹಾದುಹೋಗುವಾಗ ಒಬ್ಬ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟಿದ್ದ. ಅಷ್ಟೇ.

"ಲೇಖನಿ ಕೊಡಿ," ಎಂದ ಇದ್ವಲ್.

ಹಾರ್ಗ್ರೀವ್‌ನ ಉಸಿರು ಸಡಿಲವಾಯಿತು. ಇದ್ವಲ್ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದ. ಭಾನುವಾರದ ಶಾಲೆಯಲ್ಲಿ ತಿದ್ದಿದ ದುಂಡಗಿನ ಅಕ್ಷರ, ನಿಧಾನವಾಯಿತು. ಯಾರೂ ಉಣ್ಣಲಿಲ್ಲ. ಬರೆದು, ಸಹಿ ಹಾಕಿ, ಶಾಯಿ ಆರಲು ಊದಿ ಕೊಟ್ಟ.

ಹಾರ್ಗ್ರೀವ್ ಓದಿದ. "ನನ್ನ ಕಾಲು ಇಂಗ್ಲೆಂಡಿನ ವಿರುದ್ಧ, ಮೂವತ್ತೊಂದನೆಯ ನಿಮಿಷದಲ್ಲಿ, ಮೈಮೇಲೆ ನಾಡಿನ ಕೆಂಪು ಅಂಗಿ ಇದ್ದಾಗ ಮುರಿಯಿತು. ಗಣಿಯಲ್ಲಿ ಅಲ್ಲ." ಅವನ ಕಿವಿ ಕೆಂಪಾಯಿತು. "ಇದರಿಂದ ನಿನ್ನ ಆಟ ಮುಗೀತು. ಗೊತ್ತಾಯ್ತಾ?"

"ಗೊತ್ತು ಸ್ವಾಮಿ."

"ಕೇಳಿದ್ದು ಒಂದು ಸಹಿ. ಎಲ್ಲಿ ಮುರೀತು, ಹೇಗೆ ಮುರೀತು ಅಂತ ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ಇದ್ವಲ್ ಊರುಗೋಲು ಹಿಡಿದು ಮೆಲ್ಲಗೆ ಎದ್ದ.

"ಇಲ್ಲ," ಎಂದ. "ನಾಲ್ಕು ತಿಂಗಳಾಯ್ತು. ನಿಮ್ಮವರು ಯಾರೂ ಕೇಳ್ಲಿಲ್ಲ."