ಹೆಚ್ಚಿನ ಬಳೆ

"ಇದು ಹೊಟ್ಟ್ಯಾಗಿನ ಕೂಸಿಗೆ," ಎಂದು ಬಳೆಗಾರತಿ ದಾವಲಬೀ ಮೋನಮ್ಮನ ತುಂಬಿದ ಕೈಗೆ ಇನ್ನೊಂದು ಹಸಿರು ಬಳೆ ಏರಿಸಿದಳು. ಕಾಲುವೆ ದಂಡೆಯಲ್ಲಿ ಕುಳಿತಿದ್ದ ನಾಟಿಯ ಹೆಂಗಸರು ಮೋನಮ್ಮನ ಅತ್ತೆಯ ಕಡೆ ತಿರುಗಿದರು.

"ಎಲ್ಲೀ ಕೂಸಬೇ? ಅದು ರೊಟ್ಟಿ ತಿಂದ ಹೊಟ್ಟಿ! ಈ ಎಮ್ಮಿ ಮೈ ನೋಡೇ ನನ್ನ ಮಗ ಅಂಗಳದಾಗ ಮಲಗ್ತಾನ. ತೆಗಿ ಅದನ್ನ," ಎಂದಳು ಅತ್ತೆ ಮರಿಲಿಂಗಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೋನಮ್ಮನೂ ನಕ್ಕಳು, ಅದು ಅವಳಿಗೆ ರೂಢಿ.

"ತಪ್ಪಾತವ್ವಾ, ಈ ಊರಿಗೆ ಹೊಸಾಕಿ ನಾ," ಎಂದು ದಾವಲಬೀ ಸಾಬೂನು ಹಚ್ಚಿ ಎಳೆದಳು. ದಪ್ಪ ಕೈಯಿಂದ ಬಳೆ ಇಳಿಯಲಿಲ್ಲ, ಚರ್ಮ ಕಿತ್ತುಬಂತು. "ಒಡದೀಯಬೇ! ಮುತ್ತೈದಿ ಕೈ ಅದು. ನನ್ನ ಮಗ ನೂರು ವರ್ಷ ಬಾಳಬೇಕು," ಎಂದು ಅತ್ತೆ ಚೀರಿದಳು.

ಮೋನಮ್ಮನ ನಗು ನಿಂತಿತು. ಅತ್ತೆಯ ಮುಖವನ್ನೇ ನೋಡುತ್ತ ಎರಡೂ ಕೈಗಳನ್ನು ದಂಡೆಯ ಕಲ್ಲಿಗೆ ಬಡಿದಳು. ಒಂದು ಬಳೆಯೂ ಉಳಿಯಲಿಲ್ಲ.