ಪೆದ್ದಣ್ಣನ ಬಾಯಿ, ಟೀವಿಯ ದನಿ

ಟೀವಿಯಲ್ಲಿ ಪೆದ್ದಣ್ಣ ಬಾಯಿ ತೆರೆದ. ಬಂದದ್ದು ಮಾತ್ರ ಇನ್ಯಾರದೋ ಗಡಸು ಕನ್ನಡ. “ಆ ಪಾಪಿಗಳು ನಮ್ಮ ಹುಡುಗರಿಗೆ ಚಿತ್ರಹಿಂಸೆ ಕೊಟ್ಟು ಕೊಂದರು. ನಾನು ಒಬ್ಬನನ್ನೂ ಉಳಿಸಲಿಲ್ಲ!” ಹಿಂದೆ ನಗಾರಿ ಮೊಳಗಿತು. ತೆರೆಯ ಮೇಲಿನ ಪೆದ್ದಣ್ಣ ಕಣ್ಣೊರೆಸಿಕೊಂಡ. ಮೊಳಕಾಲ್ಮೂರಿನ ಅವನ ಮಗ್ಗದ ಮನೆಯಲ್ಲಿ, ಅವನ ಸುತ್ತಲೇ ಕಿಕ್ಕಿರಿದು ಕೂತಿದ್ದ ಓಣಿಯ ಜನ ಚಪ್ಪಾಳೆ ತಟ್ಟಿದರು.

ಅವನ ಹೆಂಡತಿ ಓಬಕ್ಕ ತಟ್ಟಲಿಲ್ಲ. ಚರಿತ್ರೆ ಕಾರ್ಯಕ್ರಮದವರು ಕ್ಯಾಮೆರಾ ಹೊತ್ತು ಬಂದ ದಿನ ಆಕೆ ಇದೇ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಕೈಯಲ್ಲೇ ಹಿಡಿದು ಗಂಡನ ಮಾತು ಕೇಳಿದ್ದಳು. ತಾನು ಸಿಪಾಯಿಯಾಗಿ ಹೋಗಿದ್ದ ಎಪ್ಪತ್ತೊಂದರ ಯುದ್ಧದ ವಿಷಯ ಬಂದರೆ ಅವನ ಬಾಯಿಗೆ ಮನೆಮಾತು ತೆಲುಗು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಶತ್ರು ಪಾಳೆಯದ, ಮೀಸೆಯೂ ಚಿಗುರದ ಸಿಪಾಯಿಯೊಬ್ಬ ನೀರು ನೀರೆನ್ನುತ್ತ ತನ್ನ ತೊಡೆಯ ಮೇಲೆ ಪ್ರಾಣ ಬಿಟ್ಟದ್ದನ್ನು ಹೇಳಿ ಅವನು ಅಂದು ಅತ್ತಿದ್ದ. ತೆರೆಯ ಮೇಲಿರುವುದು ಅದೇ ಕಣ್ಣೀರು.

ಓಬಕ್ಕ ಎದ್ದು ಹೋಗಿ ಟೀವಿಗೆ ಕಿವಿ ಹಚ್ಚಿದಳು. ಗಡಸು ಕನ್ನಡದ ಅಡಿಯಲ್ಲಿ ಗಂಡನ ತೆಲುಗು ಸಣ್ಣಗೆ ನರಳುತ್ತಿತ್ತು: “ನೀಳ್ಳು ಅಡಿಗಾಡು... ನೀಳ್ಳು...”

“ಏನ್ರಿ, ನೀವು ಹೇಳಿದ್ದು ಆ ಹುಡುಗ ನೀರು ಕೇಳಿದ್ದಲ್ವಾ?” ಎಂದು ತಿರುಗುವಷ್ಟರಲ್ಲಿ ಎದುರುಮನೆಯ ಹುಡುಗ ಗೋಪಿ ಪೆದ್ದಣ್ಣನ ಕಾಲಿಗೆ ಬಿದ್ದಿದ್ದ. “ತಾತಾ, ಒಬ್ಬನ್ನೂ ಬಿಡ್ಲಿಲ್ವೇನ್ರಿ?”

ಪೆದ್ದಣ್ಣ ಹೆಂಡತಿಯ ಮುಖ ನೋಡಿದ. ತನ್ನತ್ತ ಮುಗಿದಿದ್ದ ಅಷ್ಟೂ ಕೈಗಳನ್ನು ನೋಡಿದ.

“ಒಬ್ಬನ್ನೂ ಬಿಡ್ಲಿಲ್ಲ ಕಣಪ್ಪ,” ಎಂದ.

ಯುದ್ಧದ ಮಾತನ್ನು ಅವನು ಕನ್ನಡದಲ್ಲಿ ಆಡಿದ್ದು ಅದೇ ಮೊದಲು.